ದೇವದುರ್ಗಕ್ಕೆ ಹೊರಟ ಮೋಟಾರು

ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದ ರಾಮಲಿಂಗಪ್ಪನಿಗೆ ಒಂದೇ ಒಂದು ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಅದು ‘ಇಲ್ಲ’ ಎಂಬ ಶಬ್ದ. ಹುಟ್ಟಿದಾಗ ನಾಲಿಗೆಗೆ ಜೇನು ಹಚ್ಚಿದ ಸೂಲಗಿತ್ತಿ ಒಂದು ತೊಟ್ಟು ಹೆಚ್ಚು ಹಚ್ಚಿರಬೇಕೆಂದು ಅವನ ಹೆಂಡತಿ ಹಂಪಮ್ಮನ ಅಭಿಪ್ರಾಯ. ಯಾರು ಏನು ಕೇಳಿದರೂ ಅವನು ನಿರಾಕರಿಸಬೇಕೆಂದೇ ಬಾಯಿ ತೆರೆಯುತ್ತಿದ್ದ. ಹೊರಬೀಳುವ ಹೊತ್ತಿಗೆ ಮಾತು ಮೆತ್ತಗಾಗಿ, ಕೇಳಿದವನ ಕಿವಿಗೆ ಒಪ್ಪಿಗೆಯಾಗಿಯೇ ಬೀಳುತ್ತಿತ್ತು.

ಮೋಟಾರು ಅವನ ಮನೆಗೆ ಬಂದದ್ದೂ ಹೀಗೆಯೇ. ವರ್ಗವಾಗಿ ಹೈದರಾಬಾದಿಗೆ ಹೊರಟಿದ್ದ ಒಬ್ಬ ಎಂಜಿನಿಯರ್ ಸಾಹೇಬರು, “ರಾಮಲಿಂಗಪ್ಪ, ಈ ಗಾಡಿ ನಿಮ್ಮಂಥಾ ಖಾನ್ದಾನಿ ಮಂದಿಗೇ ಒಪ್ಪತದ” ಎಂದರು. ರಾಮಲಿಂಗಪ್ಪ ಬೇಡವೆನ್ನಲು ಬಾಯಿ ತೆರೆದ. ಬಾಯಿಂದ ಬಂದದ್ದು, “ಯಾವಾಗ ಕಳಸ್ತೀರಿ?” ಯುದ್ಧಕ್ಕೆ ಎಷ್ಟೋ ಮೊದಲು ಹುಟ್ಟಿ, ಯುದ್ಧದುದ್ದಕ್ಕೂ ಪೆಟ್ರೋಲಿಲ್ಲದೆ ಉಪವಾಸ ಮಲಗಿ, ಯುದ್ಧ ಮುಗಿದ ಮೇಲೆ ಎದ್ದು ಕುಳಿತ ಮುದಿ ಗಾಡಿ ಅದು. ಅದಕ್ಕೆ ಬ್ರೇಕು ಇತ್ತು. ಆದರೆ ಅದರ ಕೆಲಸ ಸಲಹೆ ಕೊಡುವುದು ಮಾತ್ರ. ಕೇಳುವುದು ಬಿಡುವುದು ಗಾಲಿಗಳಿಗೆ ಬಿಟ್ಟದ್ದು.

ಬೇಡವಾಗಿ ಬಂದ ವಸ್ತುವಿನ ಮೇಲೆ ಮನುಷ್ಯನಿಗೆ ಪ್ರೀತಿ ಹುಟ್ಟಲು ಎಂಟು ದಿನ ಸಾಕು. ರಾಮಲಿಂಗಪ್ಪ ಕೋಟು ಹೊಲಿಸಿದ. ರುಮಾಲನ್ನು ಗಾಳಿಗೆ ಹಾರದಂತೆ ಕಟ್ಟುವುದನ್ನು ಕಲಿತ. ಡ್ರೈವರನನ್ನು ಇಟ್ಟುಕೊಳ್ಳಿ ಎಂದವರಿಗೆ, “ಡ್ರೈವರ್ ಇಟ್ಟವ ಮೋಟಾರ್‌ನ್ಯಾಗ ಕುಂತಿರ್ತಾನ. ನಡಸಾವನೇ ಮಾಲಕ” ಎಂದು ಹೇಳಿ ತಾನೇ ಚಕ್ರ ಹಿಡಿದ. ಚಾವಿ ತಿರುವಿದರೆ ಎದ್ದೇಳುತ್ತದೆ, ಬಲಗಾಲಿನ ಎಕ್ಸಲೇಟರ್ ಪೆಡಲು ತುಳಿದರೆ ಓಡುತ್ತದೆ, ಹಾರನ್ನು ಒತ್ತಿದರೆ ಎಮ್ಮೆಗಳು ಸರಿಯುತ್ತವೆ, ಇಷ್ಟು ಅವನ ವಿದ್ಯೆ. ಊರು ಅವನನ್ನು ಮೋಟಾರ್ ರಾಮಲಿಂಗಪ್ಪ ಎಂದು ಕರೆಯಿತು, ಅವನೂ ಅದಕ್ಕೆ ಬೇಡವೆನ್ನಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಅಮರಮ್ಮ. ಮೋಟಾರು ಬಂದ ಹೊಸದರಲ್ಲಿ ಮಾನ್ವಿಯ ಆದಪ್ಪ ಅವಳನ್ನು ತನ್ನ ಮಗನಿಗೆ ಕೇಳಲು ಬಂದ. ಆದಪ್ಪನದು ಶೇಂಗಾ ಸುಲಿಯುವ ಗಿರಣಿ, ಬಾಯಿ ತುಂಬ ಮಾತು, ಮನೆ ತುಂಬ ಜನ. ಹುಡುಗನೂ ಕೆಟ್ಟವನಲ್ಲ. ಆದರೆ ಐದನೇ ಜಮಾತಿನಲ್ಲಿ ಎಷ್ಟು ವರ್ಷ ಕುಳಿತನೆಂದರೆ, ಅವನ ಪಕ್ಕದಲ್ಲಿ ಕೂತು ಓದಿದವನೇ ಮಾಸ್ತರನಾಗಿ ಬಂದು ಅವನಿಗೆ ಛಡಿಯೇಟು ಕೊಟ್ಟನೆಂದು ಸುದ್ದಿ ಇತ್ತು. ರಾಮಲಿಂಗಪ್ಪನಿಗೆ ಈ ಸಂಬಂಧ ಬೇಡವಾಗಿತ್ತು. ಆದ್ದರಿಂದ ಅವನು ತನಗೆ ತಿಳಿದಂತೆ ಖಡಾಖಂಡಿತವಾಗಿಯೇ ನಿರಾಕರಿಸಿದ.

“ಎಲ್ಲಾ ಶಿವನ ಕೈಯಾಗದ ಆದಪ್ಪನೋರೇ. ಆತನ ಮನಸಿದ್ರ ನಮ್ಮ ಮೋಟಾರ್ ತಾನಾಗೇ ಬಂದು ನಿಮ್ಮ ಬಾಗಲ ಮುಂದ ನಿಲ್ತದ್ರಿ.”

ಆದಪ್ಪ ಆ ಮಾತನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಎದ್ದು ಹೋದ. ಅಂದಿನಿಂದ ತಿಂಗಳಿಗೊಮ್ಮೆ ದೇವಸುಗೂರಿನ ಸೂಗೂರೇಶ್ವರನಿಗೆ ಕಾಯಿ ಒಡೆಸುತ್ತ, ಮೋಟಾರಿನ ದಾರಿ ನೋಡತೊಡಗಿದ.

ಆಮೇಲೆ ಬಂದದ್ದು ದೇವದುರ್ಗದ ಸಂಬಂಧ. ಸೂಗಪ್ಪನೆಂಬ ಮಿತಭಾಷಿ ರೈತ, ಅವನ ಮಗ ಶಾಲೆ ಮಾಸ್ತರ. ತಂದೆ ಮಗ ಇಬ್ಬರೇ ಬಸ್ಸಿನಲ್ಲಿ ಬಂದು, ಅಮರಮ್ಮನನ್ನು ನೋಡಿ, ಉಪ್ಪಿಟ್ಟು ತಿಂದು ಹೋದರು. ಮರುದಿನ ಬೆಳಿಗ್ಗೆ ಅಮರಮ್ಮ ಅಪ್ಪನ ರುಮಾಲು ಮಡಿಸುತ್ತ, “ಯಪ್ಪಾ, ಅವರು ಮತ್ತ ಯಾವಾಗ ಬರ್ತಾರ?” ಎಂದು ಕೇಳಿದಳು. ಹಬ್ಬಕ್ಕೆ ಸೀರೆ ಬೇಕೆಂದೂ ಬಾಯಿಬಿಟ್ಟು ಕೇಳದ ಹುಡುಗಿ ಅದು. ಈ ಒಂದು ಕೆಲಸವನ್ನಾದರೂ ಕೆಡಿಸದೆ ಮಾಡಿ ಮುಗಿಸಬೇಕೆಂದು ರಾಮಲಿಂಗಪ್ಪ ಅಂದೇ ನಿಶ್ಚಯಿಸಿದ.

ದಸರೆ ಮುಗಿದ ಮೇಲಿನ ಗುರುವಾರ, ಹನ್ನೊಂದು ಗಂಟೆಯೊಳಗೆ ದೇವದುರ್ಗದಲ್ಲಿ ಸಕ್ಕರೆ ತಿನ್ನುವುದೆಂದು ನಿಗದಿಯಾಯಿತು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೀಗರ ಮನೆಯಲ್ಲಿ, ನಾಲ್ಕು ಜನರ ಎದುರು, ಅವರ ಕೈಯಿಂದ ಸಕ್ಕರೆ ಬಾಯಿಗೆ ಬಿತ್ತೆಂದರೆ ಮದುವೆಯ ಮಾತು ಮುಗಿಯಿತು. ಆಮೇಲೆ ಹಿಂದೆ ಸರಿದವನ ಮನೆಗೆ ನೆಂಟರು ಬರುವುದಿಲ್ಲ. ಅದರಲ್ಲೂ ಅದು ರೇಷನ್ ಕಂಟ್ರೋಲಿನ ಕಾಲ, ಸಕ್ಕರೆಯನ್ನು ಯಾರೂ ಸುಮ್ಮನೆ ಬಾಯಿಗೆ ಹಾಕುತ್ತಿರಲಿಲ್ಲ.

ಈ ಗುರುವಾರಕ್ಕೂ ದಸರೆಗೂ ನಡುವೆ ಮೋಟಾರಿಗೆ ರೋಗ ಬಂತು.

ರೋಗದ ಮೂಲ ಭಕ್ತಿ. ಆಯುಧ ಪೂಜೆಯ ದಿನ ರಾಮಲಿಂಗಪ್ಪನ ಅಕ್ಕ ಮಹಾಂತಮ್ಮ ವಿಭೂತಿ ಬಟ್ಟಲು ಹಿಡಿದು ಮೋಟಾರಿನ ಸುತ್ತ ಒಂದು ಸುತ್ತು ಬಂದು, “ತಮ್ಮಾ, ಇದರ ಪಾದ ಎಲ್ಲಿ ಅದಾವಲೇ?” ಎಂದು ಕೇಳಿದಳು. ಗಾಲಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೋಟಾರಿನ ವಿದ್ಯೆ ತೋರಿಸುವ ಆಸೆಯಿಂದ ರಾಮಲಿಂಗಪ್ಪ ಬಾಗಿಲು ತೆರೆದು, “ಗಾಲಿ ಅಂದ್ರ ಬರೇ ಚಪ್ಪಲಿ ಅಕ್ಕಾ. ಓಡಸಾದು ಇದು ನೋಡು” ಎಂದು ಎಕ್ಸಲೇಟರ್ ಪೆಡಲನ್ನು ತೋರಿಸಿದ. ಮಹಾಂತಮ್ಮ ಪೆಡಲಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ತೆಂಗಿನ ನೀರಿನಿಂದ ಪಾದ ತೊಳೆದು, ಬೆಲ್ಲದ ನೈವೇದ್ಯ ಮಾಡಿದಳು. ಮರುದಿನ ಸಂಜೆ ಓಣಿಯ ಜನ ಬನ್ನಿ ಕೊಡಲು ಬಂದರು. ಹಿರಿಯರ ಕಾಲಿಗೆ ಬಿದ್ದು, ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣವೆಂದು ಹೇಳುವ ದಿನ ಅದು. ಮನೆಯ ಹಿರಿಯರೆಲ್ಲರ ಪಾದ ಮುಗಿದ ಮೇಲೆ ಮೋಟಾರಿನ ಪಾದ ಉಳಿಯಿತು. ಬಂದವರೆಲ್ಲ ಬಗ್ಗಿ ಬಗ್ಗಿ ಪೆಡಲಿಗೆ ಬನ್ನಿ ಅರ್ಪಿಸಿದರು. ಪಕ್ಕದ ಮನೆಯ ಸುಗ್ರಾ ಬೇಗಂ ಕೂಡ, ನೆರೆಹೊರೆ ಎಂದ ಮೇಲೆ ಮೋಟಾರಿಗೇಕೆ ಬೇಸರವೆಂದು, ಒಂದು ಹಿಡಿ ಎಲೆ ಕಳಿಸಿದಳು.

“ಯಾರರ ಅದಕ್ಕ ಕಸಬರಿಗಿ ಹಚ್ಚಿದ್ರ ನೋಡ್ರಿ ಮತ್ತ! ಬಂಗಾರ ಅದು” ಎಂದು ಮಹಾಂತಮ್ಮ ಅಪ್ಪಣೆ ಮಾಡಿದಳು.

ಎರಡು ದಿನಕ್ಕೆ ಪೆಡಲು ಬಿಗಿಯಿತು. ತುಳಿದರೆ ಇಳಿಯಲು ಒಲ್ಲದು, ಇಳಿದರೆ ಏಳಲು ಒಲ್ಲದು. ರಾಮಲಿಂಗಪ್ಪ ಪೀರಾ ಸಾಬನನ್ನು ಕರೆಸಿದ. ಪೀರಾ ಸಾಬ ಹಿಟ್ಟಿನ ಗಿರಣಿಯ ಎಂಜಿನ್ನು ನೋಡಿಕೊಳ್ಳುವ ಮಿಸ್ತ್ರಿ. ಅವನು ಮುಟ್ಟಿದ ಎಂಜಿನ್ನು ಮತ್ತೆ ಶುರುವಾದ ಉದಾಹರಣೆ ರಾಯಚೂರಿನಲ್ಲಿ ಇರಲಿಲ್ಲ. ಆದರೆ ಆತ್ಮವಿಶ್ವಾಸಕ್ಕೆ ಉದಾಹರಣೆ ಬೇಕಾಗುವುದಿಲ್ಲ. ಅವನು ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದ, ಮೂಗಿಟ್ಟು ಮೂಸಿದ.

“ಸಾವ್ಕಾರ್ರೇ, ಇದರ ಖೂನ್ ದಪ್ಪ ಆಗೇದ” ಎಂದ.

ರಕ್ತವೆಂದರೆ ಎಣ್ಣೆ, ಅದು ಬದಲಾಯಿತು. ಪೆಡಲು ಬಿಗಿಯಾಗಿಯೇ ಇತ್ತು. “ಹಂಗಾರ ಉಸಿರು ಸಿಗವಲ್ದು” ಎಂದು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಕೊನೆಗೆ ಒಂದು ಸ್ಕ್ರೂ ಅವನ ಅಂಗೈಯಲ್ಲಿ ಉಳಿಯಿತು. “ಇದು ಕಂಪನಿಯವರು ಹೆಚ್ಚಿಗಿ ಹಾಕಿದ್ರು” ಎಂದು ಅದನ್ನು ಜೇಬಿಗೆ ಸೇರಿಸಿದ. ಹೀಗೆ ಪೆಡಲಿನ ರೋಗ ಹುಡುಕಲು ಇಡೀ ಮೋಟಾರನ್ನು ಬಿಚ್ಚಿ ನೋಡಿದರು, ಪೆಡಲೊಂದನ್ನು ಬಿಟ್ಟು. ಅದರ ಮೇಲೆ ಬಂಗಾರವಿತ್ತು. ಅದನ್ನು ಸರಿಸಲು ಪೀರಾ ಸಾಬನಿಗೂ ಧೈರ್ಯವಾಗಲಿಲ್ಲ, ಅಂಗಳದಲ್ಲಿ ಮಹಾಂತಮ್ಮ ಕುಳಿತಿದ್ದಳು.

ಗುರುವಾರ ಬೆಳಿಗ್ಗೆ ಮೋಟಾರು ಹೊರಟಿತು. ಮುಂದೆ ರಾಮಲಿಂಗಪ್ಪ, ಪಕ್ಕದಲ್ಲಿ ಯಾವುದಕ್ಕೂ ಇರಲೆಂದು ಪೀರಾ ಸಾಬ. ಹಿಂದೆ ಹಂಪಮ್ಮ, ಮಹಾಂತಮ್ಮ, ಅವರ ತೊಡೆಯ ಮೇಲೆ ಹಣ್ಣು ಕಾಯಿಯ ಬುಟ್ಟಿ, ಬೀಗರಿಗೆ ಸೀರೆ, ಧೋತ್ರ. ಬಸ್ಸಿನಲ್ಲಿ ಹೋಗೋಣವೆಂದು ಹಂಪಮ್ಮ ಹಿಂದಿನ ದಿನದಿಂದ ಹೇಳುತ್ತಲೇ ಇದ್ದಳು. ಮೋಟಾರ್ ರಾಮಲಿಂಗಪ್ಪ ಬೀಗರ ಮನೆಗೆ ಬಸ್ಸಿನಲ್ಲಿ ಹೋಗುವುದೇ? ಅಮರಮ್ಮ ಬಾಗಿಲಲ್ಲಿ ನಿಂತು, ಮೋಟಾರು ಮರೆಯಾಗುವವರೆಗೆ ನೋಡಿದಳು.

ಕಲ್ಮಲ ಕಾಣುವವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ದಾರಿ ಎರಡಾಗುತ್ತದೆ: ನೆಟ್ಟಗೆ ಹೋದರೆ ಮಾನ್ವಿ, ಬಲಕ್ಕೆ ಹೊರಳಿದರೆ ದೇವದುರ್ಗ. ಊರ ಜನ ನೋಡಲೆಂದು ರಾಮಲಿಂಗಪ್ಪ ಪೆಡಲನ್ನು ಬಲವಾಗಿ ತುಳಿದ. ಮೋಟಾರು ಮುನ್ನುಗ್ಗಿತು. ಹೊರಳುವ ಜಾಗ ಬಂತೆಂದು ಕಾಲು ಎತ್ತಿದ. ಕಾಲು ಮೇಲೆ ಬಂತು. ಪೆಡಲು ಬರಲಿಲ್ಲ.

“ಪೀರಾ! ಪೆಡಲ್ ಏಳವಲ್ದು!”

“ಬಿರೇಕ್ ಹಾಕ್ರಿ ಸಾವ್ಕಾರ್ರೇ!”

ಬ್ರೇಕು ತನ್ನ ಸಲಹೆ ಕೊಟ್ಟಿತು. ಗಾಲಿಗಳು ಕೇಳಲಿಲ್ಲ. ದೇವದುರ್ಗದ ದಾರಿ ಬಲಗಡೆಯಿಂದ ಬಂದು, ಒಂದು ಕ್ಷಣ ಕಂಡು, ಹಿಂದೆ ಉಳಿದುಹೋಯಿತು. ಹಂಪಮ್ಮ ತಿರುಗಿ ನೋಡಿ, “ರೀ, ನಮ್ಮ ದಾರಿ ಅಲ್ಲೇ ಹೋತ್ರೀ!” ಎಂದು ಕೂಗಿದಳು.

“ಗೊತ್ತೈತಿ!” ಎಂದು ರಾಮಲಿಂಗಪ್ಪನೂ ಕೂಗಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಆಮೇಲಿನ ಹಾದಿಯನ್ನು ಆ ಭಾಗದ ಎತ್ತುಗಳು ಬಹಳ ದಿನ ಮರೆಯಲಿಲ್ಲ. ಜೋಳದ ಬಂಡಿಗಳು ಹೊಲಕ್ಕೆ ಇಳಿದವು. ಕಲ್ಲೂರಿನಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು, ಇಷ್ಟು ಜೋರಾಗಿ ಹೋಗುವವನು ದೊಡ್ಡ ಅಧಿಕಾರಿಯೇ ಇರಬೇಕೆಂದು ಎದ್ದು ಸಲಾಮು ಮಾಡಿದರು. ಅಂಥ ಆಪತ್ತಿನಲ್ಲೂ ರಾಮಲಿಂಗಪ್ಪನಿಗೆ ಸಲಾಮು ಬೇಡವೆನ್ನಲಾಗಲಿಲ್ಲ. ಒಂದು ಕೈ ಬಿಟ್ಟು ತಿರುಗಿ ಸಲಾಮು ಮಾಡಿದ, ಮೋಟಾರು ಒಂದು ಹುಣಸೆ ಮರವನ್ನು ಗೇಣಿನಲ್ಲಿ ತಪ್ಪಿಸಿಕೊಂಡಿತು. ಮಹಾಂತಮ್ಮ ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದಳು. ಪೀರಾ ಸಾಬ ತನ್ನ ಕಡೆಯ ಬಾಗಿಲು ತೆರೆದು, ಹಾರಿದರೆ ಎಲ್ಲಿ ಬೀಳಬಹುದೆಂದು ನೋಡಿ, ಮತ್ತೆ ಮುಚ್ಚಿಕೊಂಡ.

ಮಾನ್ವಿ ಬಂತು. ಬಜಾರಿನ ತುದಿಯಲ್ಲಿ ರಸ್ತೆ ಹೊರಳುತ್ತದೆ, ಮೋಟಾರು ಹೊರಳಲಿಲ್ಲ. ಎದುರಿಗೆ ಒಂದು ದೊಡ್ಡ ಮನೆ, ಮನೆಯ ಮುಂದೆ ಶೇಂಗಾ ಹೊಟ್ಟಿನ ಗುಡ್ಡೆ. ಮೋಟಾರು ಗುಡ್ಡೆಯೊಳಗೆ ಹೊಕ್ಕು, ಕೆಮ್ಮಿ, ಹೂತು ನಿಂತಿತು.

ಹೊಟ್ಟಿನ ಧೂಳು ಇಳಿದ ಮೇಲೆ ಮೊದಲು ಮಾತಾಡಿದವಳು ಹಂಪಮ್ಮ. “ರೀ, ಆ ಚಾವಿ ತಿರುವಿದ್ರ ಕಲ್ಮಲದಾಗೇ ನಿಂದರತಿದ್ದಿಲ್ಲೇನು?”

ರಾಮಲಿಂಗಪ್ಪ ಚಾವಿಯನ್ನು ನೋಡಿದ. ಎಲ್ಲ ಹೊತ್ತೂ ಅದು ಅವನ ಮೊಣಕಾಲಿನ ಹತ್ತಿರವೇ ತೂಗುತ್ತಿತ್ತು. ಈ ಜನ್ಮದಲ್ಲಿ ತಾನು ಅನುಭವಿಸಬೇಕಾದ ಅವಮಾನ ಇಲ್ಲಿಗೆ ಮುಗಿಯಿತೆಂದು ಅವನು ಭಾವಿಸಿದ. ಅದು ಆಗ ತಾನೇ ಶುರುವಾಗಿತ್ತು.

ಮನೆಯಿಂದ ಓಡಿ ಬಂದವನು ಆದಪ್ಪ. ಅವನು ಮೊದಲು ಮೋಟಾರನ್ನು ನೋಡಿದ, ಆಮೇಲೆ ಅದು ನಿಂತ ಜಾಗವನ್ನು ನೋಡಿದ, ಆಮೇಲೆ ತನ್ನ ಬಾಗಿಲನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿತು.

“ತಾನಾಗೇ ಬಂತು!” ಎಂದು ಅವನು ಓಣಿಗೆಲ್ಲ ಕೇಳುವಂತೆ ಕೂಗಿದ. “ಹೇಳಿದ್ರು ನೋಡ್ರಿ ಬೀಗರು! ತಾನಾಗೇ ಬಂದು ನಿಲ್ತದ ಅಂದಿದ್ರು! ಲೇ, ಹಣ್ಣು ಕಾಯಿ ತಂದಾರಲೇ! ಸೀರಿ ತಂದಾರ! ಒಳಗ ಹೇಳ್ರಿ!”

ರಾಮಲಿಂಗಪ್ಪನ ಬಾಯಿ, ಮೂಗು, ಮೀಸೆ ಎಲ್ಲ ಹೊಟ್ಟಿನಿಂದ ತುಂಬಿತ್ತು. ಮಾತು ಹೊರಡಲಿಲ್ಲ, ನೀರು ಬೇಕೆಂದು ಸನ್ನೆ ಮಾಡಿದ. ದಣಿದು ಬಂದವರಿಗೆ ನಮ್ಮಲ್ಲಿ ಬರಿಯ ನೀರು ಕೊಡುವುದಿಲ್ಲ, ಜೊತೆಗೆ ಒಂದು ತುಂಡು ಬೆಲ್ಲ ಕೊಡುತ್ತಾರೆ. ಆದ್ದರಿಂದ ಆದಪ್ಪ ತಟ್ಟೆ ಹಿಡಿದು ಬಂದು, ಓಣಿಯ ಜನರೆಲ್ಲ ಸುತ್ತ ನಿಂತಿದ್ದಾಗ, ತನ್ನ ಕೈಯಿಂದ ಅವನ ಬಾಯಿಯತ್ತ ಏನನ್ನೋ ತಂದಾಗ, ರಾಮಲಿಂಗಪ್ಪ ಕೃತಜ್ಞತೆಯಿಂದ ಬಾಯಿ ಅಗಲಿಸಿದ.

ಹಂಪಮ್ಮ ತಟ್ಟೆಯಲ್ಲಿ ವೀಳ್ಯದೆಲೆ ಕಂಡು, ಗಂಡನ ತೋಳನ್ನು ರಕ್ತ ಬರುವಂತೆ ಚಿವುಟಿದಳು. ಅವಳಿಗೂ ಬಾಯಾರಿದೆಯೆಂದು ರಾಮಲಿಂಗಪ್ಪ ತಿಳಿದ.

“ಆಕಿಗೂ ಕೊಡ್ರಿ” ಎಂದ.

ನಾಲಿಗೆಗೆ ರುಚಿ ಹತ್ತಿದ್ದು ಆಮೇಲೆ. ಬೆಲ್ಲವಲ್ಲ. ಸಕ್ಕರೆ. ಉಗುಳೋಣವೆಂದರೆ ಸುತ್ತಲೂ ಮಾನ್ವಿಯ ಅರ್ಧ ಊರು ಕೈಮುಗಿದು ನಿಂತಿತ್ತು. ಅವನು ಕಣ್ಣು ಮುಚ್ಚಿ ನುಂಗಿದ. ಅಮರಮ್ಮ ರುಮಾಲು ಮಡಿಸುತ್ತಿದ್ದ ಚಿತ್ರ ಕಣ್ಣೊಳಗೆ ಬಂತು.

“ಆದಪ್ಪನೋರೇ, ಇದು ಪೆಡಲಿಂದ ಆದದ್ದು” ಎಂದ ಅವನು, ತನ್ನ ಮಟ್ಟಿಗೆ ಬಹಳ ಕಟುವಾಗಿ. “ಎಕ್ಸಲೇಟರ್ ಹಿಡಕೊಂತು. ನಾವು ಹೊಂಟಿದ್ದು...”

“ಹಿಡಕೊಂತು! ಯಾರ್ ಹಿಡದ್ರು?” ಆದಪ್ಪ ಜನರತ್ತ ತಿರುಗಿದ. “ಇಷ್ಟು ದೊಡ್ಡ ಊರಾಗ ಎಲ್ಲಾ ಬಾಗಲಾ ಬಿಟ್ಟು ಇಲ್ಲೇ ತಂದು ನಿಲ್ಲಿಸಿದವ ಯಾರು? ಹೇಳ್ರಿ ನೀವೇ! ಸೂಗೂರೇಶ ಅದರ ಮ್ಯಾಲ ಕಾಲಿಟ್ಟಾನ!”

ದೇವರ ಕಾಲನ್ನು ಪೆಡಲಿನ ಮೇಲಿಂದ ಎತ್ತಿಸುವ ಧೈರ್ಯ ರಾಮಲಿಂಗಪ್ಪನಿಗೆ ಎಲ್ಲಿಂದ ಬರಬೇಕು? “ಮನ್ಯಾಗ ಒಂದೀಟು ವಿಚಾರ ಮಾಡಿ ಹೇಳ್ತೀವ್ರಿ” ಎಂದ.

“ಸಕ್ಕರಿ ತಿಂದ ಮ್ಯಾಲ ಎಂಥಾ ವಿಚಾರ ಬೀಗರೇ!” ಎಂದು ಆದಪ್ಪ ನಕ್ಕು, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಒಳಗೆ ಟ್ರಂಕು ತೆರೆದ ಸದ್ದು, ಬಳೆಗಳ ಗಡಿಬಿಡಿ. ರಾಮಲಿಂಗಪ್ಪ ಅದನ್ನು ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಠಾಣೆಯಿಂದ ಅಮೀನ್ ಸಾಹೇಬರು ಬಂದಿದ್ದರು.

ಅಮೀನ್ ಸಾಹೇಬರಿಗೆ ಮಾನ್ವಿಗೆ ಬಂದಂದಿನಿಂದ ಕುರಿ ಕಳವಿನ ಹೊರತು ಒಂದು ಒಳ್ಳೆಯ ಕೇಸು ಸಿಕ್ಕಿರಲಿಲ್ಲ. ಅವರು ಹೊಟ್ಟಿನ ಗುಡ್ಡೆಯನ್ನು ಬಹಳ ಹೊತ್ತು ನೋಡಿ, ಮುಖ ಗಂಭೀರ ಮಾಡಿಕೊಂಡರು.

“ಬಜಾರ್‌ನ್ಯಾಗ ಇಷ್ಟು ಜೋರಿಲೆ ಬಂದದ್ದು ಯಾರ ಹುಕುಮಿಂದ?”

“ಪೆಡಲ್ ಹುಜೂರ್” ಎಂದ ರಾಮಲಿಂಗಪ್ಪ.

“ಪೆಡಲ್‌ನ ಹಾಜರ್ ಮಾಡ್ರಿ.”

ಐದು ಜನ ಪಂಚರನ್ನು ಸಾಲಾಗಿ ನಿಲ್ಲಿಸಿದರು. ಅವರಲ್ಲಿ ಮೊದಲನೆಯವನು ಆದಪ್ಪ. ಪೀರಾ ಸಾಬ ಹೊಟ್ಟನ್ನು ತೋಡಿ, ಬಾಗಿಲು ತೆರೆದು, ಮಹಾಂತಮ್ಮನ ಮುಖ ನೋಡಿ ಹಿಂಜರಿದ. “ಸರ್ಕಾರದ ಹುಕುಂ ಅದ ಅಮ್ಮಾರೇ” ಎಂದು ಅಮೀನ್ ಸಾಹೇಬರು ಹೇಳಿದ ಮೇಲೆ ಅವಳು ಸೆರಗು ಮುಖಕ್ಕೆ ಮುಚ್ಚಿಕೊಂಡಳು. ಪೀರಾ ಸಾಬ ಪೆಡಲಿನ ಬುಡಕ್ಕೆ ಕೈ ಹಾಕಿದ. ಅಲ್ಲಿ ನೆಲದ ಹಲಗೆಯಲ್ಲಿ ಒಂದು ತೂತು. ಅದರ ಮೂಲಕ ಪೆಡಲಿನ ಕಡ್ಡಿ ಎಂಜಿನ್ನಿಗೆ ಹೋಗುತ್ತದೆ. ತೂತಿನ ತುಂಬ ಬನ್ನಿ ಎಲೆ, ಕಡ್ಡಿ, ಮುಳ್ಳು, ಅದರ ಮೇಲೆ ಕುಂಕುಮ, ವಿಭೂತಿ, ತೆಂಗಿನ ನೀರಿನಲ್ಲಿ ಕರಗಿ ಗಟ್ಟಿಯಾದ ಬೆಲ್ಲ. ಪೆಡಲಿನ ಕಡ್ಡಿಯನ್ನು ಗಾರೆ ಹಾಕಿ ಕೂರಿಸಿದಂತಿತ್ತು. ಅಷ್ಟೇ ರೋಗ.

ಅಮೀನ್ ಸಾಹೇಬರು ಬನ್ನಿಯ ಎಸಳೊಂದನ್ನು ಎರಡು ಬೆರಳಲ್ಲಿ ಹಿಡಿದು, “ಯೇ ಕ್ಯಾ ಹೈ?” ಎಂದರು.

“ಬಂಗಾರ ಹುಜೂರ್” ಎಂದ ರಾಮಲಿಂಗಪ್ಪ. ಈಗ ಎಲ್ಲ ತಿಳಿಯಾಯಿತು, ಇದು ದೇವರ ಕೆಲಸವಲ್ಲ, ಅಕ್ಕನ ಕೆಲಸವೆಂದು ಎಲ್ಲರಿಗೂ ಗೊತ್ತಾಯಿತೆಂದು ಅವನ ಮುಖ ಅರಳಿತು. ಅವನೇ ಉತ್ಸಾಹದಿಂದ ಹಿಡಿ ಹಿಡಿ ಎಲೆ ಕಿತ್ತು ಹೊರಗೆ ಹಾಕಿದ.

ಅವನು ಹಾಕಿದ್ದು ಆದಪ್ಪನ ಅಂಗಳಕ್ಕೆ.

“ನೋಡ್ರೋ, ನೋಡ್ರಿ!” ಆದಪ್ಪ ನೆಲಕ್ಕೆ ಬಿದ್ದು ಎಲೆಗಳನ್ನು ಧೋತ್ರದಲ್ಲಿ ತುಂಬಿಕೊಳ್ಳತೊಡಗಿದ. “ಬೀಗರು ಸಕ್ಕರಿ ತಿಂದು ನಮ್ಮ ಅಂಗಳದಾಗ ಬಂಗಾರ ಸುರಿಯಾಕತ್ತಾರ!” ಜನ ಮುಗಿಬಿದ್ದರು. ಪಂಚರು ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಕಾಲಿಗೆ ಬಿದ್ದರು. ಅಮೀನ್ ಸಾಹೇಬರಿಗೂ ಸಿಕ್ಕಿತು. ಅವರು ಅದನ್ನು ಟೋಪಿಯಲ್ಲಿ ಸಿಕ್ಕಿಸಿಕೊಂಡು, ಇಷ್ಟು ಶುಭಕಾರ್ಯದಲ್ಲಿ ಕೇಸೇಕೆಂದು ಬಿಟ್ಟುಬಿಟ್ಟರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಹಾಂತಮ್ಮ ಸೆರಗು ಸರಿಸಿ, “ತಮ್ಮಾ, ನನಗೂ ಯಾಕೋ ಇದು ಶಿವನ ಮನಸ್ಸೇ ಅನ್ನಿಸ್ತದಲೇ” ಎಂದಳು.

ಪೀರಾ ಸಾಬ ಕಡ್ಡಿಗೆ ಶೇಂಗಾ ಎಣ್ಣೆ ಬಿಟ್ಟ. ಪೆಡಲಿನ ಹಳೆಯ ಸ್ಪ್ರಿಂಗು ಈ ಎಳೆದಾಟದಲ್ಲಿ ಮುರಿದಿತ್ತು. ಆದಪ್ಪ ತನ್ನ ಗಿರಣಿಯಿಂದ ಹೊಸದೊಂದನ್ನು ತಂದು ಬೀಗರ ಕಾಣಿಕೆಯೆಂದು ಕೊಟ್ಟ. ರಾಮಲಿಂಗಪ್ಪನಿಗೆ ಅದನ್ನೂ ಬೇಡವೆನ್ನಲಾಗಲಿಲ್ಲ. ದೇವದುರ್ಗಕ್ಕೆ ಹೊರಡುವಾಗ ಸೂರ್ಯ ನೆತ್ತಿ ದಾಟಿದ್ದ. ಅದಕ್ಕೂ ಮೊದಲೇ ಮಾನ್ವಿಯಿಂದ ದೇವದುರ್ಗದ ಬಸ್ಸು ಹೋಗಿತ್ತು, ಅದರಲ್ಲಿ ಸುದ್ದಿಯೂ ಟಿಕೀಟಿಲ್ಲದೆ ಕುಳಿತು ಹೋಗಿತ್ತು.

ಸೂಗಪ್ಪನ ಮನೆಯ ಮುಂದೆ ಬೆಳಿಗ್ಗೆ ಹಾಕಿದ ರಂಗೋಲಿ ತುಳಿದು ಅಳಿಸಿತ್ತು. “ಬರ್ರಿ, ಕುಂದ್ರಿ” ಎಂದ ಸೂಗಪ್ಪ. ನೀರು ಬಂತು. ಬರೀ ನೀರು. ಹಂಪಮ್ಮ ಚೊಂಬನ್ನು ನೋಡಿ ತಲೆ ತಗ್ಗಿಸಿದಳು.

“ಹನ್ನೊಂದರಿಂದ ಮಂದಿ ಕುಂತಿದ್ರು” ಎಂದ ಸೂಗಪ್ಪ. “ಈಗ ಎದ್ದು ಹೋದ್ರು. ಮಾನ್ವ್ಯಾಗ ಸಕ್ಕರಿ ತಿಂದ್ರಂತಲ್ಲ.”

“ಛೇ ಛೇ! ಯಾರ್ ಹೇಳಿದ್ರು?” ಎಂದ ರಾಮಲಿಂಗಪ್ಪ. ಸೂಗಪ್ಪ ಅವನ ಮೀಸೆಯನ್ನೇ ನೋಡಿದ. ರಾಮಲಿಂಗಪ್ಪ ಕೈಯಾಡಿಸಿದ. ಸಕ್ಕರೆಯ ಹರಳುಗಳು ಕೋಟಿನ ಮೇಲೆ ಉದುರಿದವು.

ಆಗ ಅವನು ಎಲ್ಲವನ್ನೂ ಹೇಳಿದ. ಪಾದ ಪೂಜೆ, ಬನ್ನಿ, ಕಲ್ಮಲ, ಹೊಟ್ಟಿನ ಗುಡ್ಡೆ. ಹೇಳುತ್ತ ಹೋದಂತೆ ಅದು ಸುಳ್ಳಿನಂತೆ ಅವನಿಗೇ ಕೇಳಿಸತೊಡಗಿತು. ಮಹಾಂತಮ್ಮ ಸಹಾಯ ಮಾಡಲೆಂದು, “ಖರೇ ಅದ ಯಪ್ಪಾ, ಆ ಮನ್ಯಾಗ ಬಂಗಾರ ಉದುರಿದ್ದು ನಾನೇ ಕಣ್ಣಾರೆ ನೋಡೀನಿ” ಎಂದಳು.

ಬಾಗಿಲ ಮರೆಯಲ್ಲಿ ನಿಂತಿದ್ದ ಮಾಸ್ತರ ಹುಡುಗ ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖ ಬಾಡಿತ್ತು. “ಯಪ್ಪಾ, ಮೋಟಾರ್ ಇಲ್ಲೇ ಅದಲ್ಲ. ನೋಡಿಬಿಡೋಣ. ಪೆಡಲ್ ಹಿಡಕೋತಿದ್ರ ನಮ್ಮ ಮುಂದೂ ಹಿಡಕೋತದ. ಅವರು ಸುಳ್ಳು ಹೇಳಂಗಿಲ್ಲ.”

ರಾಮಲಿಂಗಪ್ಪನಿಗೆ ಆ ಹುಡುಗನನ್ನು ಅಪ್ಪಿಕೊಳ್ಳಬೇಕೆನಿಸಿತು. ಎಲ್ಲರೂ ಹೊರಗೆ ಬಂದರು. ಸೂಗಪ್ಪ ಪಕ್ಕದಲ್ಲಿ ಕುಳಿತ. ರಾಮಲಿಂಗಪ್ಪ ಚಾವಿ ತಿರುವಿ, ಪೆಡಲನ್ನು ತುಳಿದ. ಮೋಟಾರು ಓಡಿತು. ಶಿವನನ್ನು ನೆನೆದು ಕಾಲೆತ್ತಿದ. ಪೆಡಲು ಟಪ್ಪನೆ ಮೇಲೆದ್ದು ಬಂತು. ಮೋಟಾರು ಸಾಧುವಾಗಿ ನಿಂತಿತು.

ಮತ್ತೆ ತುಳಿದ, ಮತ್ತೆ ಬಿಟ್ಟ. ಬೆರಳಿನಿಂದ ಮುಟ್ಟಿದರೂ ಏಳುತ್ತಿತ್ತು. ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದರು. ನಿಲ್ಲು ಎಂದಲ್ಲಿ, ಸೂಗಪ್ಪನ ಹೊಸ್ತಿಲಿಗೆ ಸರಿಯಾಗಿ ನಿಂತಿತು. ಕೊಂಡಂದಿನಿಂದ ಮೋಟಾರು ಇಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ. ರಾಮಲಿಂಗಪ್ಪ ಬೆವರುತ್ತ ಕಿಟಕಿಯಿಂದ ಬಗ್ಗಿ ಪೀರಾ ಸಾಬನಿಗೆ, “ಏನಾರ ಮಾಡಲೇ, ಕೆಡಸು ಇದನ್ನ!” ಎಂದು ಪಿಸುಗುಟ್ಟಿದ.

ಪೀರಾ ಸಾಬ ಎದೆಯುಬ್ಬಿಸಿದ. ಜನ್ಮದಲ್ಲಿ ಮೊದಲ ಸಲ ಅವನು ಮುಟ್ಟಿದ ಯಂತ್ರ ಸರಿಯಾಗಿತ್ತು. “ಹೆಂಗ ಕೆಡ್ತದ್ರಿ ಸಾವ್ಕಾರ್ರೇ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಮಾನ್ವಿ ಬೀಗರು ಕೊಟ್ಟ ಸ್ಪ್ರಿಂಗ್ ಅದ!”

ಸೂಗಪ್ಪ ನಿಧಾನವಾಗಿ ಕೆಳಗಿಳಿದ. “ನಿಲ್ಲಸೋ ಮನಸಿದ್ರ ನಿಲ್ತದ ನೋಡ್ರಿ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. ಮಾಸ್ತರ ಹುಡುಗ ಪೆಡಲನ್ನು ಇನ್ನೊಮ್ಮೆ ತಾನೇ ಕೈಯಿಂದ ಒತ್ತಿ ನೋಡಿ, ಅದು ಎದ್ದು ಬಂದದ್ದನ್ನು ಕಂಡು, ಒಳಗೆ ಹೋದ. ಬಾಗಿಲು ಮುಚ್ಚಿತು.

ತಿರುಗಿ ಬರುವಾಗ ಮೋಟಾರು ಹಳ್ಳ, ದಿಬ್ಬ, ಹೊರಳುಗಳನ್ನೆಲ್ಲ ಬೆಣ್ಣೆಯಂತೆ ದಾಟಿತು. ಒಂದು ಕಡೆಯಾದರೂ ಕೆಟ್ಟು ನಿಲ್ಲಲಿ, ಮನೆ ಮುಟ್ಟುವುದು ಬೇಡವೆಂದು ರಾಮಲಿಂಗಪ್ಪ ಬೇಡಿಕೊಳ್ಳುತ್ತಲೇ ಬಂದ. ಮಗಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದ. ಅದರಲ್ಲಿ ಎಲ್ಲಿಯಾದರೂ ಒಂದು ‘ಇಲ್ಲ’ ಬರುತ್ತಿತ್ತು, ಅಲ್ಲಿಗೆ ಬಂದು ಮಾತು ಮುರಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಬಂತು. ಬಾಗಿಲಲ್ಲಿ ಸುಗ್ರಾ ಬೇಗಂ ಶರಬತ್ತಿನ ಲೋಟಗಳನ್ನು ಎತ್ತಿಡುತ್ತಿದ್ದಳು. “ಎಷ್ಟು ಹೊತ್ತು ಮಾಡಿದ್ರಿ ಅಣ್ಣಾರೇ! ಬಸ್ಸಿಗೆ ಬಂದಿದ್ರು ಬೀಗರ ಮನಿ ಹೆಣ್ಣಮಕ್ಳು. ರಾತ್ರಿ ಉಳಕೊಳ್ಳಾಕ ಈಗಷ್ಟೇ ಮುಸಾಫಿರಖಾನಿಗೆ ಹೋದ್ರು. ನೀವಿಲ್ಲ ಅಂದ್ರ, ಗಂಡಸರ ಮಾತು ಮುಗದದ, ಸಕ್ಕರಿ ಆಗೇದ ಅಂದ್ರು. ನಾನೇ ಮುಂದ ನಿಂತು ಹುಡುಗಿಗೆ ಉಡಿ ತುಂಬಿಸಿದೆ.”

ಅವಳ ಹಿಂದಿನಿಂದ ಅಮರಮ್ಮ ಓಡಿ ಬಂದಳು. ಹೊಸ ಸೀರೆ, ತಲೆ ತುಂಬ ಹೂ, ಸೆರಗಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿತ್ತು. ಉಡಿ ಚೆಲ್ಲದಂತೆ ಎರಡೂ ಕೈಯಿಂದ ಹಿಡಿದುಕೊಂಡೇ ಅವಳು ಮೋಟಾರಿನ ಹತ್ತಿರ ಬಂದು ನಿಂತಳು. ಅವಳು ಹುಟ್ಟಿದಂದಿನಿಂದ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ರಾಮಲಿಂಗಪ್ಪ ಕಂಡಿರಲಿಲ್ಲ.

“ಯಪ್ಪಾ, ದೇವದುರ್ಗದವರು ಇಷ್ಟು ಮಾತಾಡ್ತಾರ ಅಂತ ನನಗ ಗೊತ್ತೇ ಇರ್ಲಿಲ್ಲ. ಅತ್ತಿ ನನ್ನ ಕೈ ಹಿಡಕೊಂಡು ಬಿಡಲೇ ಇಲ್ಲ ನೋಡು. ನಾಚಿಕಿ ಬಂದು ನಾನು ಮುಖ ಎತ್ತಿ ನೋಡಲಿಲ್ಲ, ಏನೂ ಕೇಳಲಿಲ್ಲ.”

ಹಿಂದಿನ ಸೀಟಿನಲ್ಲಿ ಹಂಪಮ್ಮ, ಮಾನ್ವಿಯಲ್ಲಿ ಕೇಳಿದ ಟ್ರಂಕಿನ ಸದ್ದು ನೆನಪಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಮಲಿಂಗಪ್ಪ ಬಾಯಿ ತೆರೆದ. ಮಗಳು ಕಾಯುತ್ತ ನಿಂತಿದ್ದಳು. ಅಪ್ಪ ದಣಿದಿರಬೇಕೆಂದು ಅವಳೇ ಮಾತು ಬದಲಿಸಿದಳು.

“ಮೋಟಾರ್ ದಾರ್ಯಾಗ ತ್ರಾಸ ಕೊಡಲಿಲ್ಲಲ್ಲ ಯಪ್ಪಾ?”

“ಇಲ್ಲವ್ವಾ” ಎಂದ ರಾಮಲಿಂಗಪ್ಪ.